ಜ್ವರ ಯಾರಿಗೆ ಬಂದಿದೆ ಎಂದು ಮೊದಲು ಕೇಳಿ

ಮಳೆ ಹಿಡಿಯಿತು ಅಂದರೆ ನಮ್ಮ ಕನ್ನಡ ಬಳಗದ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಈ ಸಲದ್ದು ಯಾವ ವೈರಸ್ ಅಂತೆ?" 2025ರ ಜನವರಿ ನಿಮಗೆ ನೆನಪಿರಬೇಕು. ಬೆಂಗಳೂರಿನಲ್ಲಿ ಎರಡು ಹಸುಗೂಸುಗಳಿಗೆ ಎಚ್‌ಎಂಪಿವಿ ಎಂಬ ವೈರಸ್ ಪತ್ತೆಯಾಯಿತು ಎಂಬ ಸುದ್ದಿ ಬಂದ ಅರ್ಧ ದಿನದಲ್ಲಿ ಮುಂಬೈ, ಪುಣೆ, ದೆಹಲಿಯ ಗುಂಪುಗಳಲ್ಲಿ ಮತ್ತೆ ಲಾಕ್‌ಡೌನ್ ಬರುತ್ತದೆ ಎಂಬ ಮಾತು ಹರಿದಾಡಿತು. ಆ ವೈರಸ್ಸನ್ನು ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ. ನಮ್ಮಲ್ಲಿ ಬಹುತೇಕರಿಗೆ ಅದು ಚಿಕ್ಕಂದಿನಲ್ಲೇ ಒಂದು ನೆಗಡಿಯಾಗಿ ಬಂದು ಹೋಗಿದೆ. ಹೆಸರು ಮಾತ್ರ ಹೊಸದಾಗಿ ಕೇಳಿದ್ದು.

ಯಾವ ವೈರಸ್ ಎಂಬ ಪ್ರಶ್ನೆ ತಪ್ಪಲ್ಲ. ಆದರೆ ಮನೆಯವರಾಗಿ ನೀವು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಅದು ಬಂದಿರುವುದು ಯಾರಿಗೆ? ಒಂದೇ ಮನೆಗೆ ಒಂದೇ ಫ್ಲೂ ಬರುತ್ತದೆ. ಶಾಲೆಗೆ ಹೋಗುವ ಮಗ ಎರಡು ದಿನ ಮಲಗಿ ಮೂರನೇ ದಿನ ಆಡಲು ಓಡುತ್ತಾನೆ. ಮೂವತ್ತೈದರ ನೀವು ನಾಲ್ಕು ದಿನ ರಜೆ ಹಾಕುತ್ತೀರಿ. ಐವತ್ತು ದಾಟಿದ, ಶುಗರ್ ಇರುವ ಅಣ್ಣ ಎರಡು ವಾರ ಕೆಮ್ಮುತ್ತಾನೆ. ಊರಿಂದ ಬಂದಿರುವ ಎಪ್ಪತ್ತೈದರ ಅಪ್ಪ ಐಸಿಯು ಸೇರುತ್ತಾರೆ. ವೈರಸ್ ಬದಲಾಗಲಿಲ್ಲ. "ವೈರಲ್ಲು, ಮೂರು ದಿನದಲ್ಲಿ ಹೋಗುತ್ತೆ ಬಿಡಿ" ಎಂಬ ನಮ್ಮ ಮಾಮೂಲು ಮಾತು ಮೂವತ್ತರ ಆರೋಗ್ಯವಂತರಿಗೆ ಸರಿ. ಅದನ್ನೇ ಎಪ್ಪತ್ತರವರಿಗೂ ಹೇಳಿ ಕೂತುಬಿಡುತ್ತೇವಲ್ಲ, ತೊಂದರೆ ಶುರುವಾಗುವುದು ಅಲ್ಲಿ.

ವಯಸ್ಸಿನ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಕೋವಿಡ್ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಲಸಿಕೆ ಬರುವ ಮುಂಚಿನ ದಿನಗಳ ಲೆಕ್ಕಗಳನ್ನು, ಮುಖ್ಯವಾಗಿ ಯುರೋಪ್ ಮತ್ತು ಅಮೆರಿಕದವು, ಒಟ್ಟು ಹಾಕಿ 2020ರಲ್ಲಿ ಒಂದು ಅಧ್ಯಯನ ಬಂತು. ಸೋಂಕು ತಗುಲಿದ 10,000 ಮಂದಿಯಲ್ಲಿ, 25 ವರ್ಷದವರಾದರೆ ಸಾಯುವವರು ಸುಮಾರು ಒಬ್ಬರು. 55 ವರ್ಷದವರಾದರೆ ಸುಮಾರು 40. 65ಕ್ಕೆ 140, 75ಕ್ಕೆ 460, 85ಕ್ಕೆ 1,500. ಏರಿಕೆ ಮೆಟ್ಟಿಲ ಹಾಗಿಲ್ಲ, ಬಡ್ಡಿ ಮೇಲೆ ಬಡ್ಡಿಯ ಹಾಗಿದೆ. ಇಂದು ಲಸಿಕೆ ಮತ್ತು ಹಿಂದಿನ ಸೋಂಕುಗಳಿಂದಾಗಿ ಈ ಅಂಕಿಗಳು ಬಹಳ ಇಳಿದಿವೆ. ವಯಸ್ಸು ಹೆಚ್ಚಿದಂತೆ ಅಪಾಯ ಏರುವ ರೀತಿ ಮಾತ್ರ ಹಾಗೇ ಇದೆ.

ಇದು ಯಾಕೆ ಹೀಗೆ? ಎದೆಯ ಮೂಳೆಯ ಹಿಂದೆ ಥೈಮಸ್ ಎಂಬ ಪುಟ್ಟ ಗ್ರಂಥಿಯಿದೆ. ಸೋಂಕಿನ ವಿರುದ್ಧ ಹೋರಾಡುವ ಟಿ ಕಣಗಳು ಪಳಗುವ ಗರಡಿಮನೆ ಅದು. ಬಾಲ್ಯದಲ್ಲಿ ದಪ್ಪಗಿರುವ ಈ ಗ್ರಂಥಿ ಹರೆಯ ದಾಟುತ್ತಿದ್ದಂತೆ ಕುಗ್ಗತೊಡಗಿ, ಅದರ ಜಾಗವನ್ನು ನಿಧಾನವಾಗಿ ಕೊಬ್ಬು ತುಂಬಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಹಳೆಯ ಸೋಂಕುಗಳನ್ನು ನೆನಪಿಟ್ಟುಕೊಂಡ ಕಣಗಳು ಬೇಕಾದಷ್ಟು ಇರುತ್ತವೆ, ಹೊಸ ಶತ್ರುವನ್ನು ಎದುರಿಸುವ ಹೊಸ ಕಣಗಳು ಕಡಿಮೆ. 2009ರ ಹಂದಿಜ್ವರದಲ್ಲಿ ಇದರ ಎರಡೂ ಮುಖ ಕಂಡವು. ಹಿಂದೆಂದೋ ಅದೇ ಜಾತಿಯ ಫ್ಲೂ ಕಂಡಿದ್ದ ಹಿರಿಯರಿಗೆ ಆ ಸೋಂಕು ಯುವಕರಿಗಿಂತ ಕಡಿಮೆ ತಗುಲಿತು. ತಗುಲಿದ ಹಿರಿಯರಲ್ಲಿ ಮಾತ್ರ ಸಾವಿನ ಪ್ರಮಾಣ ಹೆಚ್ಚಾಗಿತ್ತು.

ಇನ್ನೊಂದು ಕಾರಣ ಸರಳ. ಹಳೇ ಇನ್ವರ್ಟರ್ ಬ್ಯಾಟರಿ ನೋಡಿ. ಕರೆಂಟ್ ಇರುವಷ್ಟು ಹೊತ್ತು ಅದು ಹಳತೋ ಹೊಸತೋ ಗೊತ್ತೇ ಆಗುವುದಿಲ್ಲ. ಕರೆಂಟ್ ಹೋದಾಗ ಹೊಸದು ನಾಲ್ಕು ಗಂಟೆ ಎಳೆಯುತ್ತದೆ, ಹಳೆಯದು ಇಪ್ಪತ್ತು ನಿಮಿಷಕ್ಕೆ ಕೂಗುತ್ತದೆ. ಎಪ್ಪತ್ತರ ಹೃದಯ, ಶ್ವಾಸಕೋಶ, ಕಿಡ್ನಿ ಹೀಗೆಯೇ. ದಿನಾ ದೇವಸ್ಥಾನಕ್ಕೆ ಹೋಗಿ ಬರಲು, ತರಕಾರಿ ತರಲು ಸಾಕಾಗುವಷ್ಟು ಶಕ್ತಿ ಇರುತ್ತದೆ. ಜ್ವರ ಬಂದು ಹೃದಯ ವೇಗವಾಗಿ ಬಡಿಯಬೇಕಾದಾಗ, ಉಸಿರು ಹೆಚ್ಚು ಎಳೆಯಬೇಕಾದಾಗ ತೆಗೆದಿಟ್ಟ ಶಕ್ತಿ ಇರುವುದಿಲ್ಲ. "ನಿನ್ನೆ ಸಂಜೆವರೆಗೂ ಚೆನ್ನಾಗೇ ಓಡಾಡಿಕೊಂಡಿದ್ದರು" ಎಂದು ಆಸ್ಪತ್ರೆಯಲ್ಲಿ ಹೇಳುವ ಮಕ್ಕಳು ಸುಳ್ಳು ಹೇಳುತ್ತಿಲ್ಲ.

ಎಲ್ಲ ವೈರಸ್ಸಿಗೂ ಒಂದೇ ನಿಯಮ ಅಂದುಕೊಳ್ಳಬೇಡಿ. 1918ರ ಜೂನ್‌ನಲ್ಲಿ ಮುಂಬೈ ಬಂದರಿನಿಂದ ದೇಶದೊಳಗೆ ಹಬ್ಬಿದ ಆ ಭಯಂಕರ ಇನ್‌ಫ್ಲುಯೆಂಜಾ 20ರಿಂದ 40ರ ಗಟ್ಟಿಮುಟ್ಟಾದವರನ್ನೇ ಹೆಚ್ಚು ಕೊಂಡೊಯ್ದಿತು. ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್ ಮಕ್ಕಳಿಗೆ ಸಲೀಸು, ದೊಡ್ಡವರಿಗೆ ಕಷ್ಟ. ಕಾಮಾಲೆ ತರುವ ಹೆಪಟೈಟಿಸ್ ಎ ಕೂಡ ಹಾಗೆಯೇ. ಹೆಪಟೈಟಿಸ್ ಇ ಗರ್ಭಿಣಿಯರಿಗೆ ಅಪಾಯಕಾರಿ. ಫ್ಲೂ ಹಸುಗೂಸುಗಳಿಗೂ ಕಷ್ಟವೇ. ಆದರೆ ನಮ್ಮ ನಗರಗಳಲ್ಲಿ ವರ್ಷವರ್ಷವೂ ತಿರುಗುವ ಉಸಿರಾಟದ ವೈರಸ್‌ಗಳಲ್ಲಿ ಹೆಚ್ಚಿನವು ಹಿರಿಯರನ್ನೂ ಹಳೆಯ ಕಾಯಿಲೆಯವರನ್ನೂ ಹೆಚ್ಚು ಬಾಧಿಸುತ್ತವೆ. ಈ ಲೇಖನ ಅವುಗಳ ಬಗ್ಗೆ.

ಈಗ ಹಳೆಯ ಕಾಯಿಲೆಗಳ ವಿಷಯ. ನಮ್ಮಲ್ಲಿ ಮೊದಲು ಹೇಳಬೇಕಾದ್ದು ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಸೋಂಕಿನ ಜಾಗಕ್ಕೆ ಓಡಿಹೋಗಿ ಕ್ರಿಮಿಯನ್ನು ನುಂಗುವ ಬಿಳಿ ರಕ್ತಕಣಗಳು ಮಂದವಾಗುತ್ತವೆ. ಇತ್ತ ಸೋಂಕು ಬಂದಾಗ ದೇಹ ಸುರಿಸುವ ಒತ್ತಡದ ಹಾರ್ಮೋನುಗಳು ಸಕ್ಕರೆಯನ್ನು ಇನ್ನೂ ಮೇಲಕ್ಕೆ ತಳ್ಳುತ್ತವೆ. ಸಕ್ಕರೆ ಏರಿದ್ದಕ್ಕೆ ಸೋಂಕು ಜೋರು, ಸೋಂಕು ಜೋರಾದದ್ದಕ್ಕೆ ಸಕ್ಕರೆ ಜೋರು. ಎರಡು ದಿನದಿಂದ ಗಂಜಿ ಬಿಟ್ಟರೆ ಏನೂ ತಿನ್ನದ ಅಮ್ಮನ ಶುಗರ್ 300 ತೋರಿಸಿದರೆ ಮಷೀನ್ ಕೆಟ್ಟಿದೆ ಎಂದು ಎತ್ತಿಡಬೇಡಿ. ಜ್ವರದಲ್ಲಿ ಹಾಗಾಗುವುದುಂಟು.

ಹೃದಯದ ವಿಷಯ ಅನೇಕರಿಗೆ ಗೊತ್ತಿಲ್ಲ. ಫ್ಲೂ ಶ್ವಾಸಕೋಶದ ಕಾಯಿಲೆ, ಅದಕ್ಕೂ ಹೃದಯಕ್ಕೂ ಏನು ಸಂಬಂಧ ಅನ್ನಿಸುತ್ತದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದ ದಾಖಲೆಗಳನ್ನು ಹಿಡಿದು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫ್ಲೂ ಎಂದು ಪರೀಕ್ಷೆಯಲ್ಲಿ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಪ್ರಮಾಣ, ಅದೇ ವ್ಯಕ್ತಿಗಳ ಬೇರೆ ದಿನಗಳಿಗಿಂತ ಆರು ಪಟ್ಟು ಹೆಚ್ಚು. ಸೋಂಕಿನ ಉರಿಯೂತ ರಕ್ತನಾಳದ ಒಳಗಿನ ಕೊಬ್ಬಿನ ಗಡ್ಡೆಯನ್ನು ಕೆಣಕುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಹೃದಯದ ಕೆಲಸವೂ ಹೆಚ್ಚುತ್ತದೆ. "ಜ್ವರ ಬಂದು ವಾರವಾಗಿತ್ತು, ಆಮೇಲೆ ಪಾಪ ಹಾರ್ಟ್ ಅಟ್ಯಾಕ್ ಆಯಿತು" ಎಂದು ಎರಡು ಬೇರೆ ಬೇರೆ ಕಷ್ಟಗಳ ಹಾಗೆ ಮಾತಾಡುತ್ತೇವೆ. ಬಹಳ ಸಲ ಅದು ಒಂದೇ ಕಷ್ಟ.

ಶ್ವಾಸಕೋಶದ ಕಾಯಿಲೆ ಅಂದಕೂಡಲೇ ಬೀಡಿ ಸೇದುವ ಅಜ್ಜ ನೆನಪಾಗುತ್ತಾರೆ. ಬೀಡಿ ಮುಟ್ಟದ ಅಜ್ಜಿಯನ್ನು ಮರೆಯಬೇಡಿ. ನಲವತ್ತು ವರ್ಷ ಸೌದೆ ಒಲೆ, ಬೆರಣಿ ಒಲೆ ಊದಿದವರ ಶ್ವಾಸಕೋಶವೂ ಸವೆದಿರುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ "ವಯಸ್ಸಾಯ್ತಲ್ಲ" ಅಂದುಕೊಂಡು ಸುಮ್ಮನಿರುತ್ತಾರೆ. ಅದು ಸಿಒಪಿಡಿ ಎಂದು ಗೊತ್ತಾಗುವುದು ಒಂದು ಕೆಟ್ಟ ನೆಗಡಿ ಎದೆಗಿಳಿದಾಗ. ಊರಿಂದ ಬಂದಾಗ ಒಮ್ಮೆ ಉಸಿರಿನ ಪರೀಕ್ಷೆ ಮಾಡಿಸಿ. ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಕಿಡ್ನಿ, ಲಿವರ್ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ದೀರ್ಘಕಾಲದ ಸ್ಟೀರಾಯ್ಡ್ ಮಾತ್ರೆ, ಇವೂ ಇದೇ ಸಾಲಿಗೆ ಸೇರುತ್ತವೆ.

ಇಲ್ಲಿ ನನಗೆ ಸಿಟ್ಟು ಬರುವ ಒಂದು ಮಾತು ಹೇಳುತ್ತೇನೆ. 2020ರಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಅದರ ಹಿಂದೆಯೇ ಇನ್ನೊಂದು ವಾಕ್ಯ ಬರುತ್ತಿತ್ತು: "ಅವರಿಗೆ ಬೇರೆ ಕಾಯಿಲೆ ಇತ್ತಂತೆ." ಕೇಳಿದವರಿಗೆ ಸಮಾಧಾನ. ಸತ್ತವರು ಹೇಗೂ ಹೋಗುವವರೇ ಇದ್ದರು, ನಾವು ಹಾಗಲ್ಲ ಎಂಬ ಧ್ವನಿ ಅದರಲ್ಲಿ. ಬೇರೆ ಕಾಯಿಲೆ ಅಂದರೆ ಏನು? ಶುಗರ್, ಬಿಪಿ. ಐಸಿಎಂಆರ್ ಬೆಂಬಲದಲ್ಲಿ ದೇಶಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹ ಇರುವವರು 10 ಕೋಟಿಗೂ ಹೆಚ್ಚು. ವಯಸ್ಕರಲ್ಲಿ ನೂರಕ್ಕೆ 11 ಮಂದಿಗೆ ಮಧುಮೇಹ, 35 ಮಂದಿಗೆ ರಕ್ತದೊತ್ತಡ. ಈ "ಬೇರೆ ಕಾಯಿಲೆಯವರು" ನಮ್ಮ ಮನೆಯಲ್ಲೇ ಊಟಕ್ಕೆ ಕೂರುವವರು. ಮಾತ್ರೆ ನುಂಗಿಕೊಂಡು ಇನ್ನೂ ಹದಿನೈದು ವರ್ಷ ಮೊಮ್ಮಕ್ಕಳ ಜೊತೆ ಇರಬಹುದಾಗಿದ್ದವರು. ಹಳೆಯ ಕಾಯಿಲೆ ಇದೆ ಎಂಬುದು ಬೇಗ ಎಚ್ಚರಗೊಳ್ಳಲು ಕಾರಣವಾಗಬೇಕು. ನಾವು ಅದನ್ನು ಕೈಚೆಲ್ಲಲು ಕಾರಣ ಮಾಡಿಕೊಂಡಿದ್ದೇವೆ.

ನಮ್ಮಂಥ ವಲಸೆ ಮನೆಗಳಿಗೆ ಇದರಲ್ಲಿ ಎರಡು ವಿಶೇಷ ತೊಂದರೆಗಳಿವೆ. ಒಂದು, ದೂರ. ಅಪ್ಪ ಅಮ್ಮ ವಿಜಯಪುರದಲ್ಲೋ ಕುಂದಾಪುರದಲ್ಲೋ ಇರುತ್ತಾರೆ, ನೀವು ಪುಣೆಯಲ್ಲಿ, ಹೈದರಾಬಾದಿನಲ್ಲಿ. ದಿನಾ ಫೋನ್ ಮಾಡುತ್ತೀರಿ, ಆ ಕಡೆಯಿಂದ ಬರುವ ಉತ್ತರ ನಿಮಗೆ ಬಾಯಿಪಾಠ: "ಆರಾಮ ಅದೀನೋ ತಮ್ಮಾ, ಸ್ವಲ್ಪ ಥಂಡಿ ಆಗೇದ ಅಷ್ಟ." ಮಗ ರಜೆ ಹಾಕಿ ಓಡಿ ಬರಬಾರದು ಎಂದು ಹೇಳುವ ಮಾತು ಅದು. ವೈದ್ಯಕೀಯ ಮಾಹಿತಿ ಅದರಲ್ಲಿಲ್ಲ.

"ಜ್ವರ ಇದೆಯಾ?" ಎಂದು ಕೇಳಿದರೂ ಸಾಲದು. ವಯಸ್ಸಾದವರಿಗೆ ಗಂಭೀರ ಸೋಂಕಿದ್ದರೂ ಮೈ ಅಷ್ಟು ಬಿಸಿಯಾಗದೆ ಇರಬಹುದು. ಅವರ ಮಾಮೂಲು ಉಷ್ಣತೆಯೇ ನಮಗಿಂತ ತುಸು ಕಡಿಮೆ. ದಿನವೂ 97 ಇರುವವರಿಗೆ 99 ಬಂದರೆ ಅದು ಜ್ವರವೇ ಎಂದು ತಿಳಿಯಿರಿ. ಕೆಮ್ಮು, ಗಂಟಲು ನೋವು ಇಲ್ಲದೆಯೂ ಇರಬಹುದು. ಮೊದಲು ಕಾಣುವ ಲಕ್ಷಣ ಊಟ ಬಿಡುವುದು, ಇದ್ದಕ್ಕಿದ್ದಂತೆ ಹಗಲೆಲ್ಲ ಮಲಗುವುದು, ಬಚ್ಚಲಲ್ಲಿ ಬೀಳುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು, ತಾರೀಖು ಮರೆಯುವುದು. ಆದ್ದರಿಂದ ಫೋನಿನಲ್ಲಿ ಆರಾಮವಾ ಎಂದು ಕೇಳುವ ಬದಲು, ಬೆಳಿಗ್ಗೆ ಎಷ್ಟು ರೊಟ್ಟಿ ತಿಂದಿರಿ, ಸ್ನಾನ ಆಯಿತಾ, ಪೇಪರ್ ಓದಿದಿರಾ, ಹಾಲು ತರಲು ಯಾರು ಹೋಗಿದ್ದರು ಎಂದು ಕೇಳಿ. ವಿಡಿಯೊ ಕರೆ ಮಾಡಿ ಅವರು ಒಂದು ಇಡೀ ವಾಕ್ಯ ಉಸಿರು ಕಟ್ಟದೆ ಹೇಳುತ್ತಾರಾ ನೋಡಿ. ನಿನ್ನೆ ತಾನಾಗಿ ಎದ್ದು ಓಡಾಡುತ್ತಿದ್ದವರು ಇಂದು ಎದ್ದಿಲ್ಲ ಎಂದಾದರೆ ಥರ್ಮಾಮೀಟರ್ ಏನೇ ಹೇಳಲಿ, ಅಂದೇ ವೈದ್ಯರ ಬಳಿ ಕರೆದೊಯ್ಯುವ ವ್ಯವಸ್ಥೆ ಮಾಡಿ.

ಎರಡನೆಯ ತೊಂದರೆ ಭಾಷೆ. ಇದನ್ನು ಯಾರೂ ಬರೆಯುವುದಿಲ್ಲ, ಹಾಗಾಗಿ ತುಸು ವಿವರವಾಗಿ ಹೇಳುತ್ತೇನೆ. ಸೋಂಕು ಜೋರಾದಾಗ ಹಿರಿಯರಲ್ಲಿ ಬುದ್ಧಿ ಮಂಕಾಗುವ ಸ್ಥಿತಿ ಬರುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಅನ್ನುತ್ತಾರೆ. ಕೂಗಾಡುವ, ಸಲೈನ್ ನಳಿಗೆ ಕಿತ್ತು ಹಾಕುವ ಬಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಮ್ಮನೆ ಮಂಕಾಗಿ ಮಲಗುವ ಇನ್ನೊಂದು ಬಗೆ ಇದೆ. ಅದು ಕಣ್ಣು ತಪ್ಪಿಸುವುದೇ ಹೆಚ್ಚು. ಈಗ ಯೋಚಿಸಿ: ಕನ್ನಡ ಬಿಟ್ಟು ಬೇರೆ ಬಾರದ ನಿಮ್ಮ ಅತ್ತೆ ಚೆನ್ನೈನ ಅಥವಾ ಪುಣೆಯ ಒಂದು ವಾರ್ಡಿನಲ್ಲಿ ಮಲಗಿದ್ದಾರೆ. ನರ್ಸ್ ತಮಿಳಿನಲ್ಲೋ ಮರಾಠಿಯಲ್ಲೋ ಕೇಳುತ್ತಾರೆ, ಅತ್ತೆ ತಲೆಯಾಡಿಸುತ್ತಾರೆ. ಅವರ ಮಾತು ಅಸಂಬದ್ಧವಾಗಿದೆಯೋ ಸರಿಯಾಗಿದೆಯೋ ಎಂದು ಆ ವಾರ್ಡಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಭಾಷೆ ಬಾರದ ಕಾರಣ ಸುಮ್ಮನಿದ್ದಾರೆ ಎಂದುಕೊಳ್ಳುತ್ತಾರೆ. ಹತ್ತು ವರ್ಷದ ಹಿಂದೆ ತೀರಿಕೊಂಡ ತಂಗಿಯನ್ನು ಕರೆಯುತ್ತಿದ್ದಾರೆ ಎಂಬುದು ನಿಮಗೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಹಿರಿಯರು ಆಸ್ಪತ್ರೆ ಸೇರಿದರೆ ಮನೆಯ ಕನ್ನಡದವರೊಬ್ಬರು ದಿನಕ್ಕೆ ಎರಡು ಮೂರು ಸಲವಾದರೂ ಅವರನ್ನು ಮಾತಾಡಿಸಬೇಕು. ಇವತ್ತು ಯಾವ ವಾರ, ನಾವು ಯಾವ ಊರಲ್ಲಿದ್ದೇವೆ, ಮೊಮ್ಮಗನ ಹೆಸರೇನು, ಕೇಳಿ. ಉತ್ತರ ತಪ್ಪಿದರೆ ವೈದ್ಯರಿಗೆ ಸ್ಪಷ್ಟವಾಗಿ ಹೇಳಿ: "ಮನೆಯಲ್ಲಿ ಇವರು ಹೀಗಿರಲಿಲ್ಲ, ನಿನ್ನೆಯಿಂದ ಹೀಗೆ." ಈ ವಾಕ್ಯವನ್ನು ಹಿಂದಿ, ಮರಾಠಿ, ತಮಿಳು, ತೆಲುಗು, ನಿಮ್ಮೂರಿನ ಭಾಷೆ ಯಾವುದೋ ಅದರಲ್ಲಿ ಕಲಿತಿಟ್ಟುಕೊಳ್ಳಿ. ಅವರ ಕನ್ನಡಕ, ಕಿವಿಯ ಯಂತ್ರ ಮನೆಯಲ್ಲೇ ಬಿಟ್ಟು ಹೋಗಬೇಡಿ. ಕಾಣದೆ, ಕೇಳದೆ ಹೋದರೆ ಮಂಕು ಇನ್ನೂ ಹೆಚ್ಚುತ್ತದೆ.

ಬೇಗ ಹೋಗುವುದರಿಂದ ನಿಜವಾಗಿಯೂ ಏನಾದರೂ ಲಾಭವಿದೆಯೇ? ವೈರಲ್ಲಿಗೆ ಔಷಧಿಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಫ್ಲೂಗೆ ಔಷಧಿ ಇದೆ, ಒಸೆಲ್ಟಾಮಿವಿರ್. ಜ್ವರ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಅದರ ಲಾಭ ಹೆಚ್ಚು. ಹಂದಿಜ್ವರದ ಕುರಿತ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಸಣ್ಣ ಜ್ವರ ನೆಗಡಿಯ ಆರೋಗ್ಯವಂತರು ಎ ಗುಂಪು, ಅವರಿಗೆ ಈ ಔಷಧಿ ಬೇಡ. ಜ್ವರ ಮತ್ತು ಗಂಟಲುನೋವಿನ ಜೊತೆ 65 ದಾಟಿದವರು, ಗರ್ಭಿಣಿಯರು, ಮಧುಮೇಹ, ಹೃದಯ, ಶ್ವಾಸಕೋಶ, ಕಿಡ್ನಿ, ಲಿವರ್ ಕಾಯಿಲೆ ಇರುವವರು ಬಿ ಗುಂಪಿನ ಎರಡನೇ ಭಾಗಕ್ಕೆ ಬರುತ್ತಾರೆ. ಅವರಿಗೆ ಪರೀಕ್ಷೆಯ ವರದಿಗೆ ಕಾಯದೆ ಔಷಧಿ ಕೊಡಬಹುದು ಎಂದೇ ಇದೆ. ಅಂದರೆ ಯಾವ ವೈರಸ್ ಎಂಬುದಕ್ಕಿಂತ ಯಾರಿಗೆ ಎಂಬುದನ್ನು ಸರ್ಕಾರದ ಕಾಗದವೂ ಮುಂದಿಟ್ಟಿದೆ. ಐದು ದಿನ ಮನೆಯಲ್ಲೇ ಕಷಾಯ ಕುಡಿಸಿ ಆರನೇ ದಿನ ಹೋದರೆ ಆ ಅವಕಾಶ ಹೆಚ್ಚುಕಮ್ಮಿ ಮುಗಿದಿರುತ್ತದೆ. ಹಿರಿಯರಿಗೆ ಜ್ವರವಾದರೆ "ಇದು ಫ್ಲೂ ಇರಬಹುದೇ, ಔಷಧಿ ಬೇಕೇ?" ಎಂದು ನೀವೇ ಬಾಯಿಬಿಟ್ಟು ಕೇಳಿ. ಮೆಡಿಕಲ್ ಶಾಪಿನಿಂದ ತಂದು ನೀವೇ ಕೊಡಬೇಡಿ, ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣ ಬೇರೆ.

ಇನ್ನು ಮನೆಯಲ್ಲೇ, ಪ್ರೀತಿಯಿಂದಲೇ, ಆಗುವ ಅಪಾಯಗಳು. ಮೈಕೈ ನೋವು ಅಂದಕೂಡಲೇ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡುತ್ತೇವೆ. ಬಿಪಿಗೆ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವ, ಜ್ವರದಿಂದ ನೀರಿನಂಶ ಕಳೆದುಕೊಂಡ ಎಪ್ಪತ್ತರವರಿಗೆ ಈ ನೋವಿನ ಮಾತ್ರೆ ಕಿಡ್ನಿಯನ್ನು ಎರಡು ದಿನದಲ್ಲಿ ಮಲಗಿಸಬಲ್ಲದು. ಡೆಂಗಿಯಾಗಿದ್ದರೆ ರಕ್ತಸ್ರಾವದ ಅಪಾಯ ಬೇರೆ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಅದೂ ವೈದ್ಯರು ಹೇಳಿದ ಲೆಕ್ಕದಲ್ಲಿ. ಸ್ಟೆಂಟ್ ಹಾಕಿಸಿಕೊಂಡವರು ಡೆಂಗಿಯ ಹೆದರಿಕೆಗೆ ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಅಂದೇ ಹೃದಯದ ವೈದ್ಯರನ್ನು ಕೇಳಬೇಕು. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ ಸಮಯ ಎಂಬುದನ್ನೂ ಮರೆಯಬೇಡಿ.

ಮೆಡಿಕಲ್ ಶಾಪಿನವರು ಕಟ್ಟಿಕೊಡುವ ನಾಲ್ಕು ಮಾತ್ರೆಯ ಪೊಟ್ಟಣ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮೊದಲ ದಿನ ಲವಲವಿಕೆ ಬರುತ್ತದೆ, ಶುಗರ್ ಮಾತ್ರ ಮುಗಿಲು ಮುಟ್ಟುತ್ತದೆ. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ಬಂತಲ್ಲ, ಅವರಲ್ಲಿ ಹೆಚ್ಚಿನವರು ಮಧುಮೇಹಿಗಳು. ಅಳತೆ ಮೀರಿ ಸ್ಟೀರಾಯ್ಡ್ ಕೊಟ್ಟದ್ದು ಅದಕ್ಕೆ ಒಂದು ದೊಡ್ಡ ಕಾರಣ. ಶುಂಠಿ ಮೆಣಸಿನ ಕಷಾಯದ ವಿರುದ್ಧ ನನ್ನದೇನೂ ತಕರಾರಿಲ್ಲ, ಗಂಟಲಿಗೆ ಹಿತ. ಶುಗರ್ ಇರುವವರ ಲೋಟಕ್ಕೆ ಬೆಲ್ಲ ಹಾಕಬೇಡಿ ಅಷ್ಟೇ. ಎಳನೀರು ಎಲ್ಲರಿಗೂ ಒಳ್ಳೆಯದು ಎಂಬುದು ಮಾತ್ರ ತಪ್ಪು. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಕೆಟ್ಟವರಿಗೆ ಅದು ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು. ಹಾಗೆಯೇ ಹೃದಯ ದುರ್ಬಲವಾಗಿ ನೀರು ಅಳೆದು ಕುಡಿಯುವವರಿಗೆ "ಚೆನ್ನಾಗಿ ನೀರು ಕುಡಿಯಿರಿ" ಎನ್ನುವ ಮುಂಚೆ ಅವರ ವೈದ್ಯರನ್ನು ಕೇಳಬೇಕು.

ಶುಗರ್ ಮಾತ್ರೆಗಳ ಬಗ್ಗೆ ಜ್ವರ ಬರುವ ಮೊದಲೇ ಕೇಳಿಟ್ಟುಕೊಳ್ಳಿ. ಊಟ ಬಿಟ್ಟಾಗ ಗ್ಲಿಮಿಪಿರೈಡ್ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ವಾಂತಿ, ಉಪವಾಸದ ಸ್ಥಿತಿಯಲ್ಲಿ ಅದನ್ನು ಮುಂದುವರಿಸಿದರೆ ರಕ್ತ ಆಮ್ಲೀಯವಾಗಬಹುದು. ಅತ್ತ "ಏನೂ ತಿಂದಿಲ್ಲ" ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸುವುದು ಕೆಲವರಿಗೆ ಪ್ರಾಣಾಪಾಯ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು, ಎಷ್ಟು ಗಂಟೆಗೊಮ್ಮೆ ಶುಗರ್ ನೋಡಬೇಕು ಎಂದು ಮುಂದಿನ ಭೇಟಿಯಲ್ಲಿ ವೈದ್ಯರಿಂದ ಬರೆಸಿಕೊಳ್ಳಿ. ಹೆಚ್ಚಿನ ವೈದ್ಯರು ಸಂತೋಷದಿಂದ ಬರೆದುಕೊಡುತ್ತಾರೆ, ಕೇಳುವವರಿಲ್ಲ.

ಲಸಿಕೆಯ ವಿಷಯ. ಹಿರಿಯರಲ್ಲಿ ಫ್ಲೂ ಲಸಿಕೆ ಯುವಕರಲ್ಲಿ ಕೊಡುವಷ್ಟು ರಕ್ಷಣೆ ಕೊಡುವುದಿಲ್ಲ, ಒಪ್ಪುತ್ತೇನೆ. ಲಸಿಕೆ ಕಲಿಸುವ ಪಾಠವನ್ನು ಕಲಿಯಬೇಕಾದ್ದು ಅದೇ ದಣಿದ ಕಣಗಳು ತಾನೆ. ಆದರೆ ಸೋಂಕನ್ನು ಪೂರ್ತಿ ತಡೆಯದಿದ್ದರೂ ಐಸಿಯುವರೆಗೆ ಹೋಗುವುದನ್ನು ಅದು ಕಡಿಮೆ ಮಾಡುತ್ತದೆ. ಹೃದಯಾಘಾತವಾದ ಕೆಲವೇ ದಿನಗಳಲ್ಲಿ ಫ್ಲೂ ಲಸಿಕೆ ಕೊಟ್ಟು ನೋಡಿದ ಒಂದು ಅಂತರರಾಷ್ಟ್ರೀಯ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಒಂದು ವರ್ಷದಲ್ಲಿ ಲಸಿಕೆ ಪಡೆಯದ ಗುಂಪಿನಲ್ಲಿ ಸತ್ತವರು ನೂರಕ್ಕೆ 4.9, ಪಡೆದವರಲ್ಲಿ 2.9. ಇಷ್ಟು ಲಾಭವಿರುವ ಲಸಿಕೆ ಹಿರಿಯರಿಗಾಗಿ ನಮ್ಮ ರಾಷ್ಟ್ರೀಯ ಉಚಿತ ಲಸಿಕಾ ಪಟ್ಟಿಯಲ್ಲಿ ಇಲ್ಲ. ಅದು ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾದಗಿರಿಯಿಂದ ಬಂದು ಮುಂಬೈಯಲ್ಲಿ ಗಾರೆ ಕೆಲಸ ಮಾಡುವ ಮನೆಯವರು ಅಪ್ಪ ಅಮ್ಮನಿಬ್ಬರಿಗೂ ದುಡ್ಡು ಕೊಟ್ಟು ಲಸಿಕೆ ಹಾಕಿಸಲಿ ಎಂದು ಸುಲಭವಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಕೈಲಾಗುವವರಾದರೂ ಹಾಕಿಸಿ. ಪ್ರತಿ ವರ್ಷ ಹಾಕಿಸಬೇಕು, ಏಕೆಂದರೆ ವೈರಸ್ ವೇಷ ಬದಲಿಸುತ್ತದೆ. ನ್ಯುಮೋನಿಯಾ ಲಸಿಕೆಯನ್ನೂ ವೈದ್ಯರಲ್ಲಿ ವಿಚಾರಿಸಿ. ವೈರಸ್ ಬಾಗಿಲು ಮುರಿದ ಮೇಲೆ ಒಳನುಗ್ಗುವ ಬ್ಯಾಕ್ಟೀರಿಯಾವೇ ಎಷ್ಟೋ ಸಲ ಪ್ರಾಣ ತೆಗೆಯುವುದು. ಜ್ವರ ಇಳಿದು ಎರಡು ದಿನ ಬಿಟ್ಟು ಮತ್ತೆ ಏರಿದರೆ ಅದೇ ಅನುಮಾನ ಪಡಬೇಕು.

ಯಾವಾಗ ಹಾಕಿಸಬೇಕು ಎಂಬುದು ನೀವಿರುವ ಊರಿನ ಮೇಲೆ ನಿಂತಿದೆ. ಪುಣೆ, ದೆಹಲಿಯಂಥ ಕಡೆ ಫ್ಲೂ ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಏರುತ್ತದೆ, ಮುಂಬೈಯಲ್ಲೂ ಮಳೆಗಾಲವೇ ಅದರ ಕಾಲ. ಹಾಗಾಗಿ ಏಪ್ರಿಲ್, ಮೇ ತಿಂಗಳು ಒಳ್ಳೆಯದು. ಚೆನ್ನೈನಲ್ಲಿ ಅದು ಹಿಂಗಾರು ಮಳೆಯ ಜೊತೆ ಅಕ್ಟೋಬರ್, ನವೆಂಬರ್‌ನಲ್ಲಿ ಏರುತ್ತದೆ, ಅಲ್ಲಿರುವವರು ಅದಕ್ಕೆ ತಿಂಗಳು ಮುಂಚೆ ಹಾಕಿಸಿಕೊಂಡರೆ ಸರಿ.

ಗಮನಿಸಿದಿರಾ, ಪುಣೆ ಮುಂಬೈಗಳಲ್ಲಿ ಫ್ಲೂ ಜೋರಾಗಿರುವ ಹೊತ್ತಿಗೇ ಗಣೇಶ ಚೌತಿ ಬರುತ್ತದೆ. ಮೂಗು ಸುರಿಸುವ ಮಗುವನ್ನು ರಾತ್ರಿ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬೆಳಿಗ್ಗೆ ಅಜ್ಜನ ತೊಡೆಯ ಮೇಲೆ ಕೂರಿಸುತ್ತೇವೆ. ಹಬ್ಬ ಬಿಡಿ ಎಂದು ನಾನು ಹೇಳುವುದಿಲ್ಲ. ಮಗುವಿಗೆ ಜ್ವರವಿದ್ದರೆ ಎರಡು ದಿನ ತಡವಾಗಿ ಹೋಗಿ, ಚೌತಿ ತಪ್ಪಿದರೆ ದೀಪಾವಳಿ ಇದೆ. ಅಪ್ಪ ಅಮ್ಮ ನಿಮ್ಮ ಹತ್ತಿರವೇ ಇದ್ದು, ಮನೆ ಒಂದೇ ಕೋಣೆಯದಾದರೆ, ಬೇರೆ ಕೋಣೆಯಲ್ಲಿ ಮಲಗಿಸಿ ಎಂಬ ಸಲಹೆಯಿಂದ ಪ್ರಯೋಜನವಿಲ್ಲ. ಕೆಮ್ಮುವವರು ಮನೆಯೊಳಗೂ ಮಾಸ್ಕ್ ಹಾಕಿಕೊಳ್ಳಲಿ, ಕಿಟಕಿ ತೆರೆದಿಡಿ, ಹಿರಿಯರ ಹಾಸಿಗೆ ಕೆಮ್ಮುವವರಿಂದ ಆದಷ್ಟು ದೂರ, ಗಾಳಿ ಬರುವ ಕಡೆ ಇರಲಿ. ಲೋಕಲ್ ಟ್ರೈನಿನಿಂದ ಬಂದವರು ಕೈ ತೊಳೆದೇ ಅಜ್ಜಿಯ ಹತ್ತಿರ ಕೂರಲಿ.

ಇದನ್ನೆಲ್ಲ ಓದಿ ಹಿರಿಯರನ್ನು ಮನೆಯೊಳಗೆ ಕೂಡಿ ಹಾಕಬೇಡಿ. ಕೋವಿಡ್ ಸಮಯದಲ್ಲಿ ಹಾಗೆ ಮಾಡಿ ಅನೇಕ ಅಜ್ಜ ಅಜ್ಜಿಯರ ಕಾಲಿನ ಕಸುವು ಹೋಯಿತು, ಮಾತಿನ ಹುರುಪು ಹೋಯಿತು. ನಡೆದಾಡುವ, ನಾಲ್ಕು ಜನರ ಜೊತೆ ಹರಟುವ, ಸರಿಯಾಗಿ ಊಟ ಮಾಡುವ, ಶುಗರ್ ಬಿಪಿ ಹಿಡಿತದಲ್ಲಿಟ್ಟುಕೊಂಡ ಎಂಬತ್ತರವರು ಎಲ್ಲವನ್ನೂ ಬಿಟ್ಟ ಅರವತ್ತರವರಿಗಿಂತ ಗಟ್ಟಿ. ಫ್ಲೂ ಬಂದ ಹಿರಿಯರಲ್ಲಿ ಹೆಚ್ಚಿನವರು ಗುಣವಾಗಿ ಏಳುತ್ತಾರೆ ಎಂಬುದೂ ಸತ್ಯ.

ಈ ವಾರ ಒಂದು ಕೆಲಸ ಮಾಡಿ. ಒಂದು ಹಾಳೆ ತೆಗೆದುಕೊಂಡು ಅಪ್ಪನದೊಂದು, ಅಮ್ಮನದೊಂದು ಪಟ್ಟಿ ಬರೆಯಿರಿ. ವಯಸ್ಸು, ಯಾವ ಕಾಯಿಲೆ ಎಷ್ಟು ವರ್ಷದಿಂದ, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಯಾವ ಔಷಧಿ ಒಗ್ಗುವುದಿಲ್ಲ, ಕೊನೆಯ ಶುಗರ್ ಮತ್ತು ಕ್ರಿಯಾಟಿನಿನ್ ವರದಿ, ಲಸಿಕೆ ಹಾಕಿಸಿದ ತಿಂಗಳು, ಊರಿನ ವೈದ್ಯರ ಫೋನ್ ನಂಬರ್. ಮಾತ್ರೆಗಳ ಹೆಸರನ್ನು ಪಟ್ಟಿಯ ಮೇಲಿರುವಂತೆ ಇಂಗ್ಲಿಷಿನಲ್ಲೇ ಬರೆಯಿರಿ, ದೆಹಲಿಯ ವೈದ್ಯರಿಗೆ ಕನ್ನಡ ಓದಲು ಬರುವುದಿಲ್ಲ. "ಬಿಳಿ ಮಾತ್ರೆ ಒಂದು, ಗುಲಾಬಿ ಮಾತ್ರೆ ಅರ್ಧ" ಎಂದರೆ ರಾತ್ರಿ ಎರಡು ಗಂಟೆಗೆ ಯಾರಿಗೂ ಉಪಯೋಗವಿಲ್ಲ. ಅವರು ಚೆನ್ನಾಗಿರುವಾಗಲೇ ಬೆರಳಿಗೆ ಆಕ್ಸಿಮೀಟರ್ ಹಾಕಿ ಬಂದ ಅಂಕಿಯನ್ನೂ ಬರೆದಿಡಿ. ಸಾಮಾನ್ಯವಾಗಿ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೋಗಬೇಕು. ಶ್ವಾಸಕೋಶದ ಹಳೆಯ ಕಾಯಿಲೆ ಇರುವವರ ಮಾಮೂಲು ಅಂಕಿಯೇ ಕಡಿಮೆ ಇರಬಹುದು, ಅದು ಮೊದಲೇ ಗೊತ್ತಿದ್ದರೆ ವೈದ್ಯರಿಗೆ ಅನುಕೂಲ. 2021ರಲ್ಲಿ ಕೊಂಡ ಆಕ್ಸಿಮೀಟರ್ ನಿಮ್ಮ ಕಪಾಟಿನಲ್ಲಿ ಎಲ್ಲೋ ಇರಬೇಕು. ಹುಡುಕಿ, ಬ್ಯಾಟರಿ ಬದಲಿಸಿ. ಪಟ್ಟಿಯ ಒಂದು ಫೋಟೊ ನಿಮ್ಮ ಫೋನಿನಲ್ಲಿ, ಇನ್ನೊಂದು ಊರಿನ ಪಕ್ಕದ ಮನೆಯವರ ಫೋನಿನಲ್ಲಿ ಇರಲಿ.